ಸಂಶೋಧನೆಗೆ ಕೊಟ್ಟ ಹಣ ಮತ್ತು ಪವಾಡದ ನಿರೀಕ್ಷೆ

ಇರುವ ಔಷಧವನ್ನು ಕೊಂಡು ರೋಗಿಯ ಕೈಗೆ ಕೊಡುವುದು ಒಂದು ಬಗೆಯ ದಾನ. ಇನ್ನೂ ಹುಟ್ಟದಿರುವ ಔಷಧವನ್ನು ಅರಸುತ್ತಿರುವವರಿಗೆ ಹಣ ಒದಗಿಸುವುದು ಮತ್ತೊಂದು ಬಗೆಯದು. ಮೊದಲನೆಯದರ ರೀತಿನೀತಿಗಳು ನಮ್ಮ ಮನೆತನಗಳಿಗೂ ಬಸದಿಗಳ ವಿಶ್ವಸ್ತ ಮಂಡಳಿಗಳಿಗೂ ತಲೆಮಾರುಗಳಿಂದ ಪರಿಚಿತವಾಗಿವೆ. ಎರಡನೆಯದನ್ನು ಕುರಿತು ನಾವು ಆಲೋಚಿಸಿರುವುದು ತೀರ ಕಡಿಮೆ. ಆದುದರಿಂದ ಮೊದಲನೆಯದನ್ನು ಅಳೆಯುವ ಕೊಳಗದಿಂದಲೇ ಎರಡನೆಯದನ್ನೂ ಅಳೆಯಹೋಗಿ ತಪ್ಪು ಲೆಕ್ಕಕ್ಕೆ ಬರುತ್ತೇವೆ. ಈ ತಪ್ಪನ್ನು ನಾನೂ ಮಾಡಿದ್ದೇನೆ. ಅದು ನನ್ನ ಅರಿವಿಗೆ ಬಂದದ್ದು ಒಂದು ಸಾಕ್ಷ್ಯಚಿತ್ರವನ್ನು ನೋಡಿದಾಗ. ಆ ಚಿತ್ರದ ವಿಮರ್ಶೆಯ ನೆಪದಲ್ಲಿ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇನೆ.

ಚಿತ್ರವು ಬ್ರಿಟನ್ನಿನ ಬಿಬಿಸಿ 2019ರಲ್ಲಿ ಎರಡು ಕಂತುಗಳಲ್ಲಿ ಪ್ರಸಾರ ಮಾಡಿದ ‘ದಿ ಪಾರ್ಕಿನ್ಸನ್ಸ್ ಡ್ರಗ್ ಟ್ರಯಲ್: ಎ ಮಿರಾಕಲ್ ಕ್ಯೂರ್?’ ಎಂಬುದು. ಪಾರ್ಕಿನ್ಸನ್ ರೋಗಕ್ಕೆ ಬ್ರಿಸ್ಟಲ್ ನಗರದಲ್ಲಿ ನಡೆದ ಒಂದು ಚಿಕಿತ್ಸಾ ಪ್ರಯೋಗವನ್ನು ವರ್ಷಗಳ ಕಾಲ ಬೆನ್ನುಹತ್ತಿ ಚಿತ್ರಿಸಿದ ಕೃತಿಯಿದು. ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ತಮ್ಮನ ಮಗ ಊರಿಗೆ ಬಂದಿದ್ದಾಗ ಇದನ್ನು ತೋರಿಸಿದನು. ಅವನು ತೋರಿಸಲು ಕಾರಣವಿತ್ತು. ನಮ್ಮ ಮನೆಗೂ ಆ ರೋಗ ಬಂದು ಹೋಗಿದೆ.

ನನ್ನ ಹಿರಿಯಣ್ಣ ನಮ್ಮ ದಿನಸಿ ಸಗಟು ಅಂಗಡಿಯ ಲೆಕ್ಕವನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ತಮ್ಮ ಕೈಯಿಂದಲೇ ಬರೆದವರು. ಕಿರ್ದಿಯಲ್ಲಿ ಅವರ ಅಕ್ಷರ ಅಚ್ಚಿನಂತಿರುತ್ತಿತ್ತು. ಒಂದು ವರ್ಷ ತೆರಿಗೆಯ ಲೆಕ್ಕಕ್ಕೆಂದು ಹಳೆಯ ಪುಸ್ತಕಗಳನ್ನು ತೆಗೆದು ನೋಡುತ್ತಿದ್ದಾಗ, ತಿಂಗಳಿನಿಂದ ತಿಂಗಳಿಗೆ ಅವರ ಅಂಕಿಗಳು ಸಣ್ಣವಾಗುತ್ತ ಬಂದುದು ಕಣ್ಣಿಗೆ ಬಿತ್ತು. ಪುಟದ ಎಡಬದಿಯಲ್ಲಿ ಸರಿಯಾಗಿ ಆರಂಭವಾದ ಸಾಲು ಬಲಬದಿಗೆ ಹೋಗುವಷ್ಟರಲ್ಲಿ ಇರುವೆಯ ಸಾಲಾಗಿರುತ್ತಿತ್ತು. ಕಣ್ಣು ಮಂದವಾಗಿರಬೇಕೆಂದು ಕನ್ನಡಕ ಬದಲಾಯಿಸಿದೆವು. ಕೈ ನಡುಗತೊಡಗಿದ ಮೇಲೆಯೇ ವೈದ್ಯರು ರೋಗದ ಹೆಸರು ಹೇಳಿದ್ದು. ಬರಹ ಕಿರಿದಾಗುವುದು ಈ ರೋಗದ ಪ್ರಸಿದ್ಧ ಲಕ್ಷಣಗಳಲ್ಲಿ ಒಂದೆಂದು ಆಗ ನಮಗೆ ತಿಳಿದಿರಲಿಲ್ಲ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ವಿವರಿಸಿ ಒಂದು ಪ್ರಬಂಧ ಪ್ರಕಟಿಸಿದನು. ನಮ್ಮ ಆಯುರ್ವೇದದಲ್ಲಿ ಕಂಪವಾತವೆಂಬ ಹೆಸರಿನಿಂದ ವರ್ಣಿತವಾಗಿರುವ ಲಕ್ಷಣಗಳು ಇದಕ್ಕೆ ಬಹಳ ಹತ್ತಿರದವು. ಮಿದುಳಿನ ಒಳಭಾಗದಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಒಂದೊಂದಾಗಿ ಸಾಯುವುದರಿಂದ ಚಲನೆ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಕೈ ನಡುಗುತ್ತದೆ. 1960ರ ದಶಕದ ಕೊನೆಯಿಂದ ಬಳಕೆಗೆ ಬಂದ ಲೆವೊಡೋಪ ಎಂಬ ಔಷಧವು ಮಿದುಳಿನಲ್ಲಿ ಡೋಪಮೀನ್ ಆಗಿ ಪರಿವರ್ತನೆಗೊಂಡು, ಕಡಿಮೆಯಾದುದನ್ನು ತುಂಬಿಕೊಡುತ್ತದೆ. ಅದು ದೊಡ್ಡ ಉಪಕಾರವೇ ಸರಿ. ಅಣ್ಣ ಹಲವು ವರ್ಷ ಅಂಗಡಿಗೆ ಬಂದು ಕುಳಿತುಕೊಳ್ಳಲು ಸಾಧ್ಯವಾದದ್ದು ಅದರಿಂದ. ಆದರೆ ಜೀವಕೋಶಗಳು ಸಾಯುವುದನ್ನು ಅದು ತಡೆಯುವುದಿಲ್ಲ. ಹಾಗೆ ತಡೆಯುತ್ತದೆ ಅಥವಾ ನಿಧಾನಗೊಳಿಸುತ್ತದೆ ಎಂದು ನಿಸ್ಸಂದೇಹವಾಗಿ ಸಿದ್ಧಪಟ್ಟ ಔಷಧ ಇಂದಿಗೂ ಒಂದೂ ಇಲ್ಲ. ಸಂಶೋಧನೆಗೆ ಹಣ ಬೇಕಾಗಿರುವುದು ಇದಕ್ಕಾಗಿ.

ಚಿತ್ರದ ಕಥಾವಸ್ತುವಾದ ಜಿಡಿಎನ್‌ಎಫ್ ಎಂಬುದು ಡೋಪಮೀನ್ ಕೋಶಗಳನ್ನು ಪೋಷಿಸುವ ಒಂದು ಪ್ರೋಟೀನು. 1993ರಲ್ಲಿ ಇದು ಪತ್ತೆಯಾಯಿತು. ಅದನ್ನು ಕಂಡುಹಿಡಿದ ಅಮೆರಿಕದ ಚಿಕ್ಕ ಕಂಪನಿಯನ್ನು ಮರುವರ್ಷ ಆಮ್ಜೆನ್ ಎಂಬ ದೊಡ್ಡ ಔಷಧ ಕಂಪನಿ ಕೊಂಡುಕೊಂಡಿತು. ಪ್ರೋಟೀನು ಗಾತ್ರದಲ್ಲಿ ದೊಡ್ಡದು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಪ್ರಕೃತಿಯೇ ಕಟ್ಟಿರುವ ತಡೆಯನ್ನು ಅದು ದಾಟಲಾರದು. ಗುಳಿಗೆಯಾಗಿ ನುಂಗುವಂತಿಲ್ಲ, ಸೂಜಿಯಿಂದ ರಕ್ತಕ್ಕೆ ಕೊಟ್ಟರೂ ಪ್ರಯೋಜನವಿಲ್ಲ. ತಲೆಬುರುಡೆಯ ಮೂಲಕ ಸಣ್ಣ ಕೊಳವೆಗಳನ್ನು ಇಳಿಸಿ, ಮಿದುಳಿನ ನಿರ್ದಿಷ್ಟ ಭಾಗಕ್ಕೆ ನೇರವಾಗಿ ಹರಿಸಬೇಕು. ಬ್ರಿಸ್ಟಲ್ಲಿನ ಶಸ್ತ್ರವೈದ್ಯ ಸ್ಟೀವನ್ ಗಿಲ್ ಮತ್ತು ಸಂಗಡಿಗರು ಐದು ಮಂದಿ ರೋಗಿಗಳ ಮೇಲೆ ಹೀಗೆ ಮಾಡಿ 2003ರಲ್ಲಿ ಪ್ರಕಟಿಸಿದ ವರದಿ ಬಹಳ ಆಶಾದಾಯಕವಾಗಿತ್ತು. ಅನಂತರ ಆಮ್ಜೆನ್ 34 ಮಂದಿಯ ಮೇಲೆ ನಡೆಸಿದ ಪ್ರಯೋಗದಲ್ಲಿ, ನಿಜವಾದ ಔಷಧ ಪಡೆದವರಿಗೂ ಹುಸಿ ಔಷಧ ಪಡೆದವರಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಕೆಲವರ ರಕ್ತದಲ್ಲಿ ಪ್ರತಿಕಾಯಗಳು ಕಂಡವು. ಹೆಚ್ಚಿನ ಪ್ರಮಾಣದಲ್ಲಿ ಔಷಧ ಪಡೆದ ಕೋತಿಗಳಲ್ಲಿ ಕೆಲವಕ್ಕೆ ಕಿರುಮಿದುಳಿನ ಹಾನಿಯಾಗಿತ್ತು. 2004ರಲ್ಲಿ ಕಂಪನಿ ಔಷಧ ಕೊಡುವುದನ್ನೇ ನಿಲ್ಲಿಸಿಬಿಟ್ಟಿತು. ತಮಗೆ ಗುಣ ಕಂಡಿದೆ, ಔಷಧವನ್ನು ಮುಂದುವರಿಸಿರಿ ಎಂದು ಅಮೆರಿಕದಲ್ಲಿ ಕೆಲವು ರೋಗಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ನ್ಯಾಯಾಲಯಗಳು ಅವರ ಬೇಡಿಕೆಯನ್ನು ಒಪ್ಪಲಿಲ್ಲ.

ಸಾಮಾನ್ಯವಾಗಿ ಇಂಥ ಸರಕು ಇಲ್ಲಿಗೆ ಮುಗಿದುಹೋಗುತ್ತದೆ. ಮುಗಿಯದಂತೆ ಮಾಡಿದವರು ದಾನಿಗಳು. ಬ್ರಿಟನ್ನಿನ ಪಾರ್ಕಿನ್ಸನ್ಸ್ ಯುಕೆ ಎಂಬ ಧರ್ಮಾರ್ಥ ಸಂಸ್ಥೆಯು, ಕ್ಯೂರ್ ಪಾರ್ಕಿನ್ಸನ್ಸ್ ಟ್ರಸ್ಟ್ ಎಂಬ ಇನ್ನೊಂದರ ಬೆಂಬಲದೊಡನೆ, ಬ್ರಿಸ್ಟಲ್ಲಿನಲ್ಲಿ ಹೊಸದೊಂದು ಪ್ರಯೋಗಕ್ಕೆ ಹಣ ಕೊಟ್ಟಿತು. ಯೋಜನೆಯ ವೆಚ್ಚ ಸುಮಾರು 30 ಲಕ್ಷ ಪೌಂಡು. ಔಷಧವನ್ನು ಒದಗಿಸಿದ್ದು ಕೆನಡಾದ ಮೆಡ್‌ಜೆನೆಸಿಸ್ ಎಂಬ ಕಂಪನಿ. ಎರಡನೆಯ ಟ್ರಸ್ಟಿನ ಸ್ಥಾಪಕರಲ್ಲಿ ಒಬ್ಬರಾದ ಟಾಮ್ ಐಸಾಕ್ಸ್ ಸ್ವತಃ ಆ ರೋಗದಿಂದ ಬಳಲುತ್ತಿದ್ದವರು, 2017ರಲ್ಲಿ ತೀರಿಕೊಂಡರು. ಹಣ ಕೊಟ್ಟವರಲ್ಲಿ ಬಹುಮಂದಿ ರೋಗಿಗಳು, ರೋಗಿಗಳ ಮನೆಯವರು, ಓಟದ ಸ್ಪರ್ಧೆ ನಡೆಸಿ ಚಂದಾ ಎತ್ತಿದವರು. ಲಾಭದ ಆಸೆಯಿದ್ದ ಬಂಡವಾಳ ಹಿಂದೆ ಸರಿದ ಜಾಗದಲ್ಲಿ ಲಾಭ ಬೇಡದ ಹಣ ಬಂದು ನಿಂತಿತೆಂಬುದು ವ್ಯಾಪಾರಿಯಾದ ನನಗೆ ಚಿತ್ರದ ಎಲ್ಲ ದೃಶ್ಯಗಳಿಗಿಂತ ದೊಡ್ಡ ಸಂಗತಿಯಾಗಿ ಕಂಡಿತು.

ಪ್ರಯೋಗದ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲ ಹಂತದ 6 ಮಂದಿ, ಮುಖ್ಯ ಹಂತದ 35 ಮಂದಿ, ಒಟ್ಟು 41 ಜನ. ಪ್ರತಿಯೊಬ್ಬರ ಮಿದುಳಿಗೂ ನಾಲ್ಕು ಕೊಳವೆಗಳನ್ನು ಇಳಿಸಿ, ಕಿವಿಯ ಹಿಂದೆ ಮೂಳೆಗೆ ಒಂದು ದ್ವಾರವನ್ನು ಅಳವಡಿಸಿದರು. ನಾಲ್ಕು ವಾರಕ್ಕೊಮ್ಮೆ ಆ ದ್ವಾರದಿಂದ ದ್ರವವನ್ನು ಹರಿಸುವುದು. ಅರ್ಧದಷ್ಟು ಜನರಿಗೆ ನಿಜವಾದ ಔಷಧ, ಉಳಿದವರಿಗೆ ಔಷಧವಿಲ್ಲದ ದ್ರವ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯನಿಗೂ ತಿಳಿಯದು. ಹೀಗೆ 40 ವಾರ. ಅಲ್ಲಿಂದ ಮುಂದಿನ 40 ವಾರ ಎಲ್ಲರಿಗೂ ನಿಜವಾದ ಔಷಧವೇ. ತಲೆಬುರುಡೆಯನ್ನು ಕೊರೆಸಿಕೊಂಡು, ಒಂಬತ್ತು ತಿಂಗಳು ತನಗೆ ಬರುತ್ತಿರುವುದು ಬರಿಯ ನೀರಿರಬಹುದೆಂದು ಅರಿತೂ ತಪ್ಪದೆ ಬಂದು ಕುಳಿತ ಆ ಜನರ ಮುಂದೆ ಚೆಕ್ಕು ಬರೆದ ದಾನಿಯ ತ್ಯಾಗ ಚಿಕ್ಕದು.

ಫಲಿತಾಂಶವು 2019ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ನಿತ್ಯದ ಗುಳಿಗೆಗಳನ್ನು ನಿಲ್ಲಿಸಿದ ಸ್ಥಿತಿಯಲ್ಲಿ ಚಲನೆಯ ತೊಂದರೆಯನ್ನು ಅಂಕಗಳಲ್ಲಿ ಅಳೆದಾಗ, ನಿಜವಾದ ಔಷಧ ಪಡೆದವರಲ್ಲಿ ಸರಾಸರಿ ಶೇಕಡಾ 17.3ರಷ್ಟು ಸುಧಾರಣೆ ಕಂಡಿತು. ಹುಸಿ ಔಷಧ ಪಡೆದವರಲ್ಲಿ ಶೇಕಡಾ 11.8. ಈ ಅಂತರವು ಆಕಸ್ಮಿಕವಾಗಿಯೂ ಉಂಟಾಗಬಹುದಾದಷ್ಟು ಚಿಕ್ಕದೆಂದು ಗಣಿತ ಹೇಳಿತು. ಅಂದರೆ ಪ್ರಯೋಗಕ್ಕೆ ಮೊದಲು ತಾವೇ ಇಟ್ಟುಕೊಂಡಿದ್ದ ಪ್ರಶ್ನೆಗೆ ‘ಹೌದು’ ಎಂಬ ಉತ್ತರ ಬರಲಿಲ್ಲ. ಆದರೆ ಮಿದುಳಿನ ಛಾಯಾಚಿತ್ರಗಳಲ್ಲಿ ಬೇರೆ ಮಾತಿತ್ತು. ಔಷಧ ತಲುಪಿದ ಭಾಗದಲ್ಲಿ ಡೋಪಮೀನ್ ಕೋಶಗಳ ಚಟುವಟಿಕೆ ಸ್ಪಷ್ಟವಾಗಿ ಹೆಚ್ಚಿತ್ತು. ಹುಸಿ ಔಷಧ ಪಡೆದವರಲ್ಲಿ ಅದು ಹೆಚ್ಚಿರಲಿಲ್ಲ. ಪ್ರಯೋಗ ಮುಗಿದ ಮೇಲೆ ಮಾಡಿದ ಮರುವಿಶ್ಲೇಷಣೆಯಲ್ಲಿ, ಔಷಧ ಪಡೆದವರ ಪೈಕಿ 9 ಮಂದಿಗೆ, ಎಂದರೆ ಶೇಕಡಾ 43ರಷ್ಟು ಜನಕ್ಕೆ, ದೊಡ್ಡ ಪ್ರಮಾಣದ ಸುಧಾರಣೆಯಾಗಿತ್ತೆಂದೂ ಹುಸಿ ಔಷಧದವರಲ್ಲಿ ಒಬ್ಬರಿಗೂ ಅಷ್ಟು ಆಗಿರಲಿಲ್ಲವೆಂದೂ ಕಂಡುಬಂತು.

ಇನ್ನು ಚಿತ್ರದ ವಿಚಾರ. ಮನುಷ್ಯರನ್ನು ತೋರಿಸುವುದರಲ್ಲಿ ಅದು ಪ್ರಾಮಾಣಿಕವಾಗಿದೆ. ರೋಗಿಗಳ ದೈನ್ಯವನ್ನು ಹಿಗ್ಗಿಸಿಲ್ಲ, ವೈದ್ಯರನ್ನು ದೇವರನ್ನಾಗಿ ಮಾಡಿಲ್ಲ. ಪ್ರಯೋಗ ಮುಗಿದು ಔಷಧ ನಿಂತ ಮೇಲೆ ಉಳಿಯುವ ಶೂನ್ಯವೂ ನೋಡುವವನ ಮನಸ್ಸಿಗೆ ತಟ್ಟುತ್ತದೆ. ನನ್ನ ಆಕ್ಷೇಪ ಮೊದಲಿಗೆ ಶೀರ್ಷಿಕೆಯನ್ನು ಕುರಿತದ್ದು. ‘ಪವಾಡದ ಮದ್ದೆ?’ ಎಂದು ಕೇಳಿ, ಕೊನೆಯಲ್ಲೊಂದು ಪ್ರಶ್ನಚಿಹ್ನೆ ಹಾಕಿಬಿಟ್ಟರೆ ಸುಳ್ಳಾಡಿದ ದೋಷ ತಗಲುವುದಿಲ್ಲವೆಂದು ಭಾವಿಸಿದಂತಿದೆ. ಪೇಟೆಯಲ್ಲಿ ಇಂಥ ಪ್ರಶ್ನಚಿಹ್ನೆಗಳನ್ನು ನಾವು ಬಲ್ಲೆವು. ಪವಾಡವೆಂಬ ಮಾತು ಒಮ್ಮೆ ಬಂದುಬಿಟ್ಟರೆ, ಅದಕ್ಕೆ ಕಡಿಮೆಯಾದ ಎಲ್ಲ ಫಲಿತಾಂಶಗಳೂ ಸೋಲೇ ಆಗುತ್ತವೆ. ಶೇಕಡಾ 17.3 ಮತ್ತು 11.8ರ ನಡುವೆ ಏನಿರಬಹುದೆಂದು ತಾಳ್ಮೆಯಿಂದ ಯೋಚಿಸುವ ಸ್ಥಿತಿಯಲ್ಲಿ ನೋಡುಗನು ಇರುವುದಿಲ್ಲ.

ಎರಡನೆಯ ಆಕ್ಷೇಪ ಕ್ಯಾಮೆರಾದ ಸ್ವಭಾವಕ್ಕೇ ಸಂಬಂಧಿಸಿದ್ದು, ನಿರ್ದೇಶಕರದಷ್ಟೇ ಅಲ್ಲ. ನಿನ್ನೆ ಗುಂಡಿ ಹಾಕಿಕೊಳ್ಳಲಾರದವನು ಇಂದು ಹಾಕಿಕೊಂಡರೆ ಕ್ಯಾಮೆರಾ ಅದನ್ನು ಸೊಗಸಾಗಿ ಹಿಡಿಯುತ್ತದೆ. ಸರಾಸರಿಯನ್ನು ಅದು ಹಿಡಿಯಲಾರದು. ಸರಾಸರಿಗೆ ಮುಖವಿಲ್ಲ. ನೋಡುತ್ತ ನೋಡುತ್ತ ನಾನೂ, ಇಷ್ಟು ಗುಣವಾದ ಮೇಲೆ ಔಷಧ ಕೊಡದೆ ತಡೆಯುವುದು ನಿರ್ದಯೆಯಲ್ಲವೆ ಎಂದುಕೊಂಡೆ. ಆಗ ತಮ್ಮನ ಮಗ ಒಂದು ಮಾತು ನೆನಪಿಸಿದನು: ಹುಸಿ ಔಷಧ ಪಡೆದವರಿಗೂ ಶೇಕಡಾ 11.8ರಷ್ಟು ಗುಣವಾಗಿತ್ತಲ್ಲ! ಇದು ರೋಗಿಗಳ ಭ್ರಮೆಯೂ ಅಲ್ಲ, ನಟನೆಯೂ ಅಲ್ಲ. ಔಷಧ ಬರುತ್ತಿದೆಯೆಂಬ ನಿರೀಕ್ಷೆಯಿಂದಲೇ ಮಿದುಳು ಡೋಪಮೀನನ್ನು ಬಿಡುಗಡೆ ಮಾಡುತ್ತದೆಂದು 2001ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಡೋಪಮೀನಿನ ಕೊರತೆಯೇ ಮುಖ್ಯವಾದ ರೋಗದಲ್ಲಿ ಆಸೆಯೂ ಒಂದು ಮಟ್ಟಕ್ಕೆ ಮದ್ದಾಗಿ ಕೆಲಸಮಾಡುತ್ತದೆ. ಆದಕಾರಣ ಈ ರೋಗದ ಔಷಧ ಪರೀಕ್ಷೆಯಲ್ಲಿ ಕಣ್ಣಿಗೆ ಕಂಡದ್ದನ್ನೇ ನಂಬುವುದು ಬೇರೆಡೆಗಿಂತ ಹೆಚ್ಚು ಅಪಾಯಕಾರಿ.

ಹಾಗಾದರೆ ಆ 9 ಮಂದಿಯ ಲೆಕ್ಕವನ್ನು ಏನು ಮಾಡಬೇಕು? ವರ್ಷಾಂತ್ಯದಲ್ಲಿ ಒಟ್ಟು ಲೆಕ್ಕ ನಷ್ಟ ತೋರಿಸಿದಾಗ, ಲಾಭ ಬಂದ ಬಾಬುಗಳನ್ನು ಮಾತ್ರ ಎತ್ತಿ ಬೇರೆ ಹಾಳೆಗೆ ಬರೆದು ಯಜಮಾನನ ಮುಂದಿಡುವ ಗುಮಾಸ್ತರನ್ನು ನಾನು ಕಂಡಿದ್ದೇನೆ. ಆ ಹಾಳೆಯಲ್ಲಿ ಸುಳ್ಳಿರುವುದಿಲ್ಲ. ಮುಂದಿನ ವರ್ಷ ಯಾವ ಸರಕನ್ನು ಹೆಚ್ಚಾಗಿ ತರಿಸಬೇಕೆಂದು ನಿರ್ಧರಿಸಲು ಅದು ಉಪಯುಕ್ತವೇ. ಆದರೆ ಅದನ್ನು ಅಢಾವೆ ಪತ್ರಿಕೆಯ ಜಾಗದಲ್ಲಿ ಇಡಕೂಡದು. ಬ್ರಿಸ್ಟಲ್ ಪ್ರಯೋಗದವರು ಆ 9ರ ಲೆಕ್ಕವನ್ನು ‘ಆಮೇಲೆ ಮಾಡಿದ ವಿಶ್ಲೇಷಣೆ’ ಎಂದು ಸ್ಪಷ್ಟವಾಗಿ ಹೆಸರಿಸಿಯೇ ಪ್ರಕಟಿಸಿದರು. ಅದು ಅವರ ಹೆಗ್ಗಳಿಕೆ. ಅದನ್ನು ಓದಿದ ಬಳಿಕ ಮಾಡಬೇಕಾದ ಕೆಲಸ ಇನ್ನೊಂದು, ಇನ್ನೂ ದೊಡ್ಡ ಪ್ರಯೋಗ. ಹೆಚ್ಚು ಪ್ರಮಾಣದ ಔಷಧ, ಹೆಚ್ಚು ಕಾಲ. ಅಂಥದಕ್ಕೆ 30 ಲಕ್ಷ ಪೌಂಡು ಎಲ್ಲಿಯೂ ಸಾಲದು. ಬ್ರಿಸ್ಟಲ್ಲಿನ ರೋಗಿಗಳ ಪಾಲಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದೇ ಪ್ರೋಟೀನನ್ನು ಮಿದುಳಿನ ಕೋಶಗಳೇ ತಯಾರಿಸಿಕೊಳ್ಳುವಂತೆ ಮಾಡುವ ಜೀನ್ ಚಿಕಿತ್ಸೆಯ ಪ್ರಯೋಗಗಳನ್ನು ಈಗ ಜರ್ಮನಿಯ ಬೇಯರ್ ಕಂಪನಿಗೆ ಸೇರಿದ ಆಸ್ಕ್‌ಬಯೋ ಎಂಬ ಸಂಸ್ಥೆ ನಡೆಸುತ್ತಿದೆ. ದಾನದ ಹಣ ಸವೆಸಿದ ಹಾದಿಯಲ್ಲಿ ಮತ್ತೆ ಬಂಡವಾಳ ಬಂದಿದೆ ಎನ್ನೋಣ.

ಈಗ ನನ್ನ ತಪ್ಪಿನ ಮಾತು. ಅಣ್ಣ ತೀರಿಕೊಂಡ ಕೆಲವು ವರ್ಷಗಳ ಮೇಲೆ, ನಾನು ಖಜಾಂಚಿಯಾಗಿದ್ದ ಒಂದು ವಿಶ್ವಸ್ತ ಮಂಡಳಿಗೆ ಒಬ್ಬ ವೃದ್ಧ ಮಹಿಳೆ ತಮ್ಮ ಯಜಮಾನರ ಹೆಸರಿನಲ್ಲಿ ಸಾಕಷ್ಟು ದೊಡ್ಡ ಮೊತ್ತವನ್ನು ಕೊಡಲು ಮುಂದಾದರು. ಅವರ ಯಜಮಾನರಿಗೂ ಇದೇ ರೋಗವಿತ್ತು. ರೋಗದ ಮೂಲವನ್ನು ಹುಡುಕುವವರಿಗೆ ಈ ಹಣ ಸೇರಲಿ ಎಂಬುದು ಆಕೆಯ ಇಚ್ಛೆ. ಸಭೆಯಲ್ಲಿ ಅದನ್ನು ವಿರೋಧಿಸಿದವನು ನಾನೇ. ‘ಹಣ ಹೋದ ದಾರಿ ಕಣ್ಣಿಗೆ ಕಾಣಬೇಕಲ್ಲವೆ? ಸಂಶೋಧನೆಗೆ ಕೊಟ್ಟು ಔಷಧ ಸಿಗದೆ ಹೋದರೆ ಆ ತಾಯಿಗೆ ನಾವು ಏನೆಂದು ಉತ್ತರ ಹೇಳುವುದು?’ ಎಂದೆ. ನನಗೂ ಮನೆಯ ಅನುಭವವಿತ್ತಾದುದರಿಂದ ನನ್ನ ಮಾತಿಗೆ ತೂಕ ಬಂತು. ಬಡ ರೋಗಿಗಳಿಗೆ ಗುಳಿಗೆಗಳನ್ನು ಕೊಡಿಸುವುದೆಂದು ಠರಾವಾಯಿತು. ಆಕೆ ಮರುಮಾತಾಡದೆ ಒಪ್ಪಿದರು. ಗುಳಿಗೆಗಳು ಹಲವರಿಗೆ ನೆರವಾದವು. ಆ ನಿರ್ಧಾರದಿಂದ ಕೆಡುಕಾಯಿತೆಂದು ನಾನು ಹೇಳಲಾರೆ. ಕೆಟ್ಟದ್ದು ನಾನು ಕೊಟ್ಟ ಕಾರಣ. ದಾನ ಕೊಡುವವರು ಕೇಳದೆ ಇದ್ದ ಪ್ರತಿಫಲವನ್ನು ಅವರ ಪರವಾಗಿ ನಾನು ಕೇಳಿದೆ.

ಚತುರ್ವಿಧ ದಾನಗಳಲ್ಲಿ ಔಷಧದಾನವನ್ನೂ ಶಾಸ್ತ್ರದಾನವನ್ನೂ ಹಿರಿಯರು ಬೇರೆಬೇರೆಯಾಗಿಯೇ ಎಣಿಸಿದ್ದಾರೆ. ಸಂಶೋಧನೆಗೆ ಕೊಟ್ಟುದನ್ನು ನಾನು ಔಷಧದಾನದ ಖಾತೆಗೆ ಹಾಕಿದ್ದೆ. ಈಗ ನೋಡಿದರೆ ಅದು ಎರಡನೆಯದಕ್ಕೆ ಹೆಚ್ಚು ಹತ್ತಿರ. ಅಲ್ಲಿ ಹಣಕ್ಕೆ ಬದಲಾಗಿ ಬರುವುದು ತಿಳಿವಳಿಕೆ. ಆ ತಿಳಿವಳಿಕೆ ‘ಇದರಿಂದ ಪ್ರಯೋಜನವಿಲ್ಲ’ ಎಂಬುದೂ ಆಗಿರಬಹುದು. ಶಾಸ್ತ್ರದಾನದ ಒಳಗೆ ಲೌಕಿಕ ವಿದ್ಯೆಯನ್ನು ಸೇರಿಸುವುದು ಉಚಿತವೆ ಎಂದು ಪಂಡಿತರು ಆಕ್ಷೇಪಿಸಬಹುದು. ವ್ಯಾಪಾರಿಯ ಈ ವಿಂಗಡಣೆಯನ್ನು ಅವರು ತಿದ್ದಿದರೆ ಸಂತೋಷವೇ.

‘ಪ್ರಯೋಜನವಿಲ್ಲ’ ಎಂಬ ತಿಳಿವಳಿಕೆಗೆ ಬೆಲೆಯುಂಟೆ ಎಂದು ಕೇಳುವವರಿಗೆ ಎಕ್ಸೆನಟೈಡ್ ಎಂಬ ಔಷಧದ ಕಥೆಯನ್ನು ಹೇಳಬೇಕು. ಇದು ಸಕ್ಕರೆ ಕಾಯಿಲೆಯ ಔಷಧ. ಅಮೆರಿಕದ ಮರುಭೂಮಿಯಲ್ಲಿ ವಾಸಿಸುವ ಗಿಲಾ ಮಾನ್‌ಸ್ಟರ್ ಎಂಬ ಉಡದಂಥ ವಿಷಪ್ರಾಣಿಯ ಜೊಲ್ಲಿನಲ್ಲಿ ಸಿಕ್ಕಿದ ಒಂದು ವಸ್ತುವಿನ ಆಧಾರದ ಮೇಲೆ ತಯಾರಾದದ್ದು. 2005ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಅನುಮತಿ ಪಡೆಯಿತು. ಇದು ಡೋಪಮೀನ್ ಕೋಶಗಳನ್ನೂ ಕಾಪಾಡಬಹುದೆಂಬ ಊಹೆಯನ್ನು ಲಂಡನ್ನಿನ ವೈದ್ಯರು ಪರೀಕ್ಷಿಸಿದರು. ಬೇರೊಂದು ರೋಗಕ್ಕಾಗಿ ಆಗಲೇ ಮಾರಾಟದಲ್ಲಿರುವ, ಹಕ್ಕುಸ್ವಾಮ್ಯದ ಕಾಲ ಮುಗಿಯುತ್ತ ಬಂದಿರುವ ಔಷಧಕ್ಕಾಗಿ ಕೋಟಿಗಟ್ಟಲೆ ಸುರಿಯಲು ಯಾವ ಕಂಪನಿಯೂ ಸುಲಭವಾಗಿ ಮುಂದಾಗುವುದಿಲ್ಲ. ಇಂಥ ಕಡೆ ದಾನಿಗಳ ಹಣ ಇಲ್ಲದೆ ಮೊದಲ ಹೆಜ್ಜೆಯನ್ನೇ ಇಡುವಂತಿಲ್ಲ. 60 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗಕ್ಕೆ ಹಣ ಕೊಟ್ಟದ್ದು ಅಮೆರಿಕದ ಮೈಕೆಲ್ ಜೆ. ಫಾಕ್ಸ್ ಪ್ರತಿಷ್ಠಾನ. ತನ್ನ ಮೂವತ್ತನೆಯ ವಯಸ್ಸಿನ ಆಸುಪಾಸಿನಲ್ಲೇ ಈ ರೋಗಕ್ಕೆ ತುತ್ತಾದ ಆ ನಟನು 2000ದಲ್ಲಿ ಸ್ಥಾಪಿಸಿದ ಈ ಪ್ರತಿಷ್ಠಾನ ಇಲ್ಲಿಯವರೆಗೆ ಸಂಶೋಧನೆಗೆ ತೊಡಗಿಸಿರುವ ಹಣ 200 ಕೋಟಿ ಡಾಲರಿಗೂ ಹೆಚ್ಚು. ಆ ಪ್ರಯೋಗದ ಫಲಿತಾಂಶ ಚೆನ್ನಾಗಿಯೇ ಬಂತು. ಪತ್ರಿಕೆಗಳು ಸಂಭ್ರಮಪಟ್ಟವು. ಅನೇಕ ರೋಗಿಗಳು ಆ ಔಷಧವನ್ನು ಬರೆದುಕೊಡಿರೆಂದು ತಮ್ಮ ವೈದ್ಯರನ್ನು ಕೇಳುವಷ್ಟು ಆಸೆ ಹುಟ್ಟಿತು.

ಅಷ್ಟಕ್ಕೇ ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಬೇಕು. ಬ್ರಿಟನ್ನಿನ ಸರ್ಕಾರಿ ಹಣವೂ ಕ್ಯೂರ್ ಪಾರ್ಕಿನ್ಸನ್ಸ್ ಸಂಸ್ಥೆಯ ಹಣವೂ ಕೂಡಿ, 194 ರೋಗಿಗಳ ಮೇಲೆ 96 ವಾರಗಳ ಕಾಲ ದೊಡ್ಡ ಪ್ರಯೋಗ ನಡೆಯಿತು. 2025ರಲ್ಲಿ ಉತ್ತರ ಬಂತು: ರೋಗದ ಬೆಳವಣಿಗೆಯನ್ನು ತಡೆಯುವುದರಲ್ಲಿ ಈ ಔಷಧಕ್ಕೂ ಹುಸಿ ಔಷಧಕ್ಕೂ ವ್ಯತ್ಯಾಸವಿಲ್ಲ. ವರ್ಷಗಳ ದುಡಿಮೆಗೆ ಇದೇ ಫಲವೆ ಎಂದು ದಾನಿ ನಿಟ್ಟುಸಿರಿಡಬಹುದು. ಆದರೆ ಈ ಹಣ ಖರ್ಚಾಗದೆ ಉಳಿದಿದ್ದರೆ ಸಾವಿರಾರು ಮನೆಗಳು ತಮ್ಮ ಜೇಬಿನಿಂದ ದುಡ್ಡು ಕೊಟ್ಟು, ವಾಕರಿಕೆಯನ್ನೂ ತೂಕದ ಇಳಿಕೆಯನ್ನೂ ಸಹಿಸಿಕೊಂಡು, ಪ್ರಯೋಜನವಿಲ್ಲದ ಸೂಜಿಮದ್ದನ್ನು ಚುಚ್ಚಿಸಿಕೊಳ್ಳುವ ಸಂಭವವಿತ್ತು. ಆ ಉಳಿತಾಯ ಯಾವ ದಾನಿಯ ಹೆಸರಿನಲ್ಲೂ ಜಮಾ ಆಗುವುದಿಲ್ಲ. ಶಿಲಾಫಲಕದ ಮೇಲೆ ಕೆತ್ತಿಸುವ ಮಾತೂ ಅಲ್ಲ.

ತಿಳಿವಳಿಕೆಯು ಕಾಲವನ್ನು ತನ್ನ ಇಷ್ಟದಂತೆ ತೆಗೆದುಕೊಳ್ಳುತ್ತದೆ. ಅಣ್ಣನನ್ನು ಅಂಗಡಿಯ ಗದ್ದುಗೆಯ ಮೇಲೆ ಕೂರಿಸಿದ ಲೆವೊಡೋಪವನ್ನೇ ನೋಡಿರಿ. ಯುರೋಪಿನಲ್ಲಿ ಮಾರ್ಕಸ್ ಗುಗೆನ್‌ಹೈಮ್ ಎಂಬ ರಸಾಯನಜ್ಞ ಅದನ್ನು ಒಂದು ಬಗೆಯ ಅವರೆಜಾತಿಯ ಬೀಜದಿಂದ ಬೇರ್ಪಡಿಸಿದ್ದು 1913ರಲ್ಲಿ. ನಮ್ಮ ನಸುಗುನ್ನಿಯ ಬೀಜದಲ್ಲಿ ಅದಿರುವುದನ್ನು ಮದ್ರಾಸಿನ ವಿಜ್ಞಾನಿಗಳು ತೋರಿಸಿದ್ದು 1937ರಲ್ಲಿ. (ನಸುಗುನ್ನಿಯ ಮಾತು ಬಂದೊಡನೆ ಎಲ್ಲವೂ ನಮ್ಮಲ್ಲೇ ಇತ್ತೆಂದು ಬೀಗುವ ಮಿತ್ರರಿದ್ದಾರೆ. ಇತ್ತು, ನಿಜ. ಎಷ್ಟು ತೂಕ, ದಿನಕ್ಕೆಷ್ಟು ಸಲ, ಯಾರಿಗೆ ಕೂಡದು ಎಂಬುದನ್ನು ಅಳೆದು ಬರೆದಿಡುವ ಕೆಲಸವೂ ಔಷಧದ ಭಾಗವೇ ಅಲ್ಲವೆ?) ಮಿದುಳಿನಲ್ಲಿ ಡೋಪಮೀನಿನ ಪಾತ್ರವನ್ನು ಸ್ವೀಡನ್ನಿನ ಅರ್ವಿದ್ ಕಾರ್ಲ್‌ಸನ್ ಬೆಳಕಿಗೆ ತಂದದ್ದು 1950ರ ದಶಕದ ಕೊನೆಯಲ್ಲಿ, ಅದಕ್ಕಾಗಿ ಆತನಿಗೆ 2000ದಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಜಾರ್ಜ್ ಕಾಟ್ಜಿಯಾಸ್ ಎಂಬ ವೈದ್ಯ ರೋಗಿಗಳಿಗೆ ಲೆವೊಡೋಪವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟು ಯಶಸ್ಸು ಕಂಡದ್ದು 1967ರಲ್ಲಿ. ಬೀಜದಿಂದ ಗುಳಿಗೆಗೆ ಐವತ್ತನಾಲ್ಕು ವರ್ಷ. 1913ರಲ್ಲಿ ಯಾರಾದರೂ ಆ ಕೆಲಸಕ್ಕೆ ಹಣ ಕೊಟ್ಟಿದ್ದು, ಐದು ವರ್ಷದಲ್ಲಿ ಫಲ ತೋರಿಸೆಂದು ಕೇಳಿದ್ದರೆ ಏನು ತೋರಿಸಬಹುದಾಗಿತ್ತು?

ಕಾರ್ಲ್‌ಸನ್ನನ ಹೆಸರಿನೊಡನೆ ಇನ್ನೊಂದು ಮಾತನ್ನು ಮುಚ್ಚಿಡುವಂತಿಲ್ಲ. ಆತನ ಪ್ರಸಿದ್ಧ ಪ್ರಯೋಗ ನಡೆದದ್ದು ಮೊಲಗಳ ಮೇಲೆ. ಜಿಡಿಎನ್‌ಎಫ್‌ನ ಅಪಾಯ ಕಂಡುಬಂದದ್ದು ಕೋತಿಗಳಲ್ಲಿ. ಪ್ರಾಣಿಹಿಂಸೆಗೆ ಒಂದು ಪೈಸೆಯನ್ನೂ ಕೊಡಲೊಲ್ಲೆವೆನ್ನುವ ನಮ್ಮ ಮನೆಗಳು ಈ ಕ್ಷೇತ್ರದಲ್ಲಿ ಏನು ಮಾಡಬೇಕು? ನಮ್ಮ ಹಣ ಮನುಷ್ಯರ ಮೇಲಿನ ಪ್ರಯೋಗಕ್ಕೆ, ಇಲ್ಲವೆ ರೋಗಿಗಳ ರಕ್ತ, ಮಿದುಳಿನ ಚಿತ್ರ, ವಂಶಾವಳಿಗಳ ಅಧ್ಯಯನಕ್ಕೆ ಮಾತ್ರ ಸಲ್ಲಬೇಕೆಂದು ಷರತ್ತು ಹಾಕಬಹುದು. ಅಂಥ ಷರತ್ತುಗಳನ್ನು ಒಪ್ಪುವ ಸಂಸ್ಥೆಗಳು ಇವೆ, ಹಾಕುವುದೂ ಉಚಿತ. ಆದರೆ ಮನುಷ್ಯರ ಮೇಲಿನ ಪ್ರಯೋಗವೆಂಬ ಮೇಲಂತಸ್ತು ಯಾವ ತಳಪಾಯದ ಮೇಲೆ ನಿಂತಿದೆಯೆಂಬುದನ್ನು ಕಾಣದವರಂತೆ ಇರುವುದು ಲೆಕ್ಕದಲ್ಲಿ ಮಾಡುವ ಮೋಸ. ಅಣ್ಣನಿಗೆ ದಿನಕ್ಕೆ ಮೂರು ಹೊತ್ತು ನಾನೇ ಕೈಯಾರೆ ಕೊಟ್ಟ ಗುಳಿಗೆಯ ಹಿಂದೆಯೂ ಆ ಮೊಲಗಳಿದ್ದವು. ಈ ಗಂಟನ್ನು ಬಿಡಿಸುವ ಶಕ್ತಿ ನನಗಿಲ್ಲ. ಹಣ ಕೊಡದೆ ಇರುವುದರಿಂದ ಮಾತ್ರ ನಾವು ಅದರಿಂದ ಹೊರಗುಳಿಯುತ್ತೇವೆಂಬ ಸಮಾಧಾನ ನನಗೆ ಈಗ ಉಳಿದಿಲ್ಲ.

ದಾನ ಕೇಳುವವರನ್ನೂ ವಿಮರ್ಶೆಯಿಂದ ಹೊರಗಿಡಬೇಕಾಗಿಲ್ಲ. ‘ಮದ್ದು ಇನ್ನೇನು ಕೈಗೆಟುಕುವಷ್ಟು ಹತ್ತಿರದಲ್ಲಿದೆ’ ಎಂಬ ಮಾತನ್ನು ಈ ರೋಗದವರು ಹಲವು ದಶಕಗಳಿಂದ ಕೇಳುತ್ತಲೇ ಇದ್ದಾರೆ. ಹಾಗೆ ಹೇಳಿ ಎತ್ತಿದ ಹಣವು, ಪ್ರಯೋಗ ಒಂದು ಸಲ ‘ಇಲ್ಲ’ ಎಂದು ಉತ್ತರ ಕೊಟ್ಟೊಡನೆ ಬತ್ತಿಹೋಗುತ್ತದೆ. ದೊಡ್ಡ ಕಂಪನಿಗಳೂ ಹೀಗೆಯೇ: ಫೈಜರ್ ಕಂಪನಿ 2018ರ ಜನವರಿಯಲ್ಲಿ ಆಲ್‌ಜೈಮರ್ ಮತ್ತು ಪಾರ್ಕಿನ್ಸನ್ ರೋಗಗಳಿಗೆ ಹೊಸ ಔಷಧ ಹುಡುಕುವುದನ್ನು ನಿಲ್ಲಿಸುತ್ತೇನೆಂದು ಸಾರಿತು. ಕಂಪನಿಗೆ ಷೇರುದಾರರಿದ್ದಾರೆ, ಅದರ ಲೆಕ್ಕ ಅದಕ್ಕೆ. ಧರ್ಮಾರ್ಥ ಸಂಸ್ಥೆಯು ಕಂಪನಿಯ ಜಾಹೀರಾತಿನ ಭಾಷೆಯನ್ನು ಎರವಲು ಪಡೆಯತೊಡಗಿದರೆ ಮಾತ್ರ ಅದಕ್ಕೆ ಸಿಗುವ ದಾನಿಗಳೂ ಷೇರುದಾರರ ಮನೋಭಾವದವರೇ ಆಗುತ್ತಾರೆ.

ಇದಕ್ಕೆ ಭಿನ್ನವಾದ ಮಾದರಿಯೊಂದು ನಮ್ಮ ರಾಜ್ಯದಲ್ಲಿಯೇ ಇದೆ. ರೋಗ ಬೇರೆ, ನೆರೆಯದು. 2014ರಲ್ಲಿ ಕ್ರಿಸ್ ಗೋಪಾಲಕೃಷ್ಣನ್ ದಂಪತಿಗಳ ಪ್ರತೀಕ್ಷಾ ಟ್ರಸ್ಟ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮಿದುಳಿನ ಸಂಶೋಧನಾ ಕೇಂದ್ರಕ್ಕಾಗಿ ಹತ್ತು ವರ್ಷಗಳಲ್ಲಿ 225 ಕೋಟಿ ರೂಪಾಯಿ ಕೊಡಲು ಮುಂದಾಯಿತು. ಆ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದವರನ್ನು ವರ್ಷ ವರ್ಷವೂ ಪರೀಕ್ಷಿಸಿ, ಮುಪ್ಪಿನಲ್ಲಿ ಮಿದುಳು ಬದಲಾಗುವ ಬಗೆಯನ್ನು, ಮುಖ್ಯವಾಗಿ ಮರೆವಿನ ರೋಗವನ್ನು, ಅಧ್ಯಯನ ಮಾಡುತ್ತಿದ್ದಾರೆ. ಅಲ್ಲಿ ಯಾವ ಮದ್ದಿನ ವಾಗ್ದಾನವೂ ಇಲ್ಲ. ಅಷ್ಟು ಹಣ ಯಾವ ಬಸದಿಯ ವಿಶ್ವಸ್ತ ಮಂಡಳಿಯ ಬಳಿಯೂ ಇರಲಾರದು. ಆದರೆ ಔಷಧದ ಹೆಸರು ಹೇಳದೆ ಒಂದು ಪ್ರಶ್ನೆಗೆ ಹತ್ತು ವರ್ಷ ಹಣ ಕೊಡುವ ಆ ಕ್ರಮವನ್ನು ಅನುಸರಿಸಲು 225 ಕೋಟಿ ಬೇಕಾಗಿಲ್ಲ.

ಹಿಂದೆ ಹೇಳಿದ ಆ ತಾಯಿ ಈಗಿಲ್ಲ. ಅವರ ಮಗ ಕಳೆದ ವರ್ಷ ಅದೇ ಉದ್ದೇಶಕ್ಕಾಗಿ ಮತ್ತೆ ಮಂಡಳಿಗೆ ಬರೆದಿದ್ದಾರೆ. ನಾನು ಈಗ ಖಜಾಂಚಿಯಲ್ಲ, ಸಾಮಾನ್ಯ ಸದಸ್ಯ. ಹಣ ಕೇಳುತ್ತಿರುವ ಸಂಶೋಧಕರಿಗೆ ಮಂಡಳಿಯ ಪರವಾಗಿ ಪತ್ರದ ಕರಡು ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ಔಷಧ ಯಾವಾಗ ಸಿಗುತ್ತದೆಂದು ಅದರಲ್ಲಿ ಕೇಳಿಲ್ಲ. ನಿಮ್ಮ ಪ್ರಶ್ನೆ ಯಾವುದೆಂದು ಪ್ರಯೋಗಕ್ಕೆ ಮೊದಲೇ ಬಹಿರಂಗವಾಗಿ ನೋಂದಾಯಿಸುತ್ತೀರಾ, ಉತ್ತರ ‘ಇಲ್ಲ’ ಎಂದು ಬಂದರೂ ಪೂರ್ತಿಯಾಗಿ ಪ್ರಕಟಿಸುತ್ತೀರಾ, ಔಷಧದ ಒಡೆತನವಿರುವ ಕಂಪನಿ ನಡುವೆ ಕೈಬಿಟ್ಟರೆ ಅದುವರೆಗಿನ ದಾಖಲೆಗಳು ಯಾರ ವಶದಲ್ಲಿರುತ್ತವೆ, ಪ್ರಯೋಗ ಮುಗಿದ ಮರುದಿನ ರೋಗಿಗಳ ಗತಿಯೇನು ಎಂದು ಕೇಳಿದ್ದೇನೆ. ಪ್ರಾಣಿಗಳನ್ನು ಕುರಿತ ಪ್ರಶ್ನೆಯನ್ನು ಹೇಗೆ ಬರೆಯಬೇಕೆಂಬುದರ ಬಗ್ಗೆ ಸದಸ್ಯರಲ್ಲಿ ಒಮ್ಮತ ಮೂಡಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ಕರಡನ್ನು ಮುಂದಿನ ಸಭೆಗೆ ಇಟ್ಟಿದ್ದೇವೆ.